ದೂರದ ಸರ್ವರ್, ಹತ್ತಿರದ ಪ್ರತಿ: ನೆಟ್‌ವರ್ಕ್ ಶೇರ್‌ನಿಂದ ಆಪರೇಟಿಂಗ್ ಸಿಸ್ಟಂ ಏರಿಸುವ ಪ್ರಶ್ನೆ

ಪಹಣಿಗೋ, ಜಾತಿ-ಆದಾಯ ಪ್ರಮಾಣಪತ್ರಕ್ಕೋ ಕಚೇರಿಗೆ ಹೋದವರಿಗೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲೂ ರಾಜ್ಯದ ಉಳಿದೆಡೆಯಂತೆಯೇ ಒಂದು ಮಾತು ಚೆನ್ನಾಗಿ ಗೊತ್ತು: "ಸರ್ವರ್ ಇಲ್ಲ, ನಾಳೆ ಬನ್ನಿ." ಈ ಮಾತಿನ ಹಿಂದೆ ಕರೆಂಟು ಹೋಗಿರಬಹುದು, ಕೇಬಲ್ ತುಂಡಾಗಿರಬಹುದು, ಬೆಂಗಳೂರಿನ ಯಂತ್ರಕ್ಕೆ ಭಾರ ಹೆಚ್ಚಾಗಿರಬಹುದು. ಸರದಿಯಲ್ಲಿ ನಿಂತವರ ಕಣ್ಣಿಗೆ ಬೀಳದ ಇನ್ನೊಂದು ಕಾರಣವೂ ಉಂಟು. ಸರ್ವರಿನ ಆಪರೇಟಿಂಗ್ ಸಿಸ್ಟಂಗೆ ವಯಸ್ಸಾಗುತ್ತದೆ. ತಯಾರಕ ಸಂಸ್ಥೆ ಒಂದು ದಿನಾಂಕದ ನಂತರ ಅದರ ಭದ್ರತಾ ರಂಧ್ರ ಮುಚ್ಚುವುದನ್ನು ನಿಲ್ಲಿಸುತ್ತದೆ. ಆಗ ಅದನ್ನು ಹೊಸ ಆವೃತ್ತಿಗೆ ಏರಿಸಲೇಬೇಕು. ಸರ್ವರ್ ಇರುವುದು ತಾಲ್ಲೂಕಿನಲ್ಲಿ, ಬಲ್ಲವರು ಇರುವುದು ಜಿಲ್ಲಾ ಕೇಂದ್ರದಲ್ಲಿ ಅಥವಾ ರಾಜಧಾನಿಯಲ್ಲಿ. ಹೊಸ ಆವೃತ್ತಿಯ ಕಡತಗಳನ್ನು ಒಂದು ಶೇರ್ ಫೋಲ್ಡರಿನಲ್ಲಿಟ್ಟು, ದೂರದ ಸರ್ವರ್ ಅಲ್ಲಿಂದಲೇ ಎಳೆದುಕೊಂಡು ತನ್ನನ್ನು ತಾನು ಬದಲಾಯಿಸಿಕೊಳ್ಳಲಿ ಎಂದು ಬಿಡಬಹುದೆ? ಈ ಪ್ರಶ್ನೆಗೆ ಸರ್ವರುಗಳನ್ನು ಸಾಕುವವರ ನಡುವೆ ಮೂವತ್ತು ವರ್ಷಗಳಿಂದ ಒಮ್ಮತವಿಲ್ಲ.

ಈ ಜಗಳವನ್ನು ಸಾಮಾನ್ಯವಾಗಿ "ಡಿಸ್ಕ್ ಹಿಡಿದು ಹೋಗಬೇಕೋ, ನೆಟ್‌ವರ್ಕ್ ಸಾಕೋ" ಎಂಬ ರೂಪದಲ್ಲಿ ಆಡುತ್ತಾರೆ. ಜಗಳ ಹಿಡಿದಿರುವುದೇ ತಪ್ಪು ತುದಿಯನ್ನು ಎಂಬುದು ನನ್ನ ವಾದ. ಕಡತಗಳನ್ನು ಸಾಗಿಸುವುದು ಒಂದು ಕೆಲಸ, ಸಿಸ್ಟಂ ಬದಲಿಸುವುದು ಇನ್ನೊಂದು. ಮೊದಲನೆಯದಕ್ಕೆ ಶೇರ್ ಫೋಲ್ಡರ್ ಒಳ್ಳೆಯ ದಾರಿ. ಎರಡನೆಯದು ನಡೆಯುವಾಗ ಆ ದಾರಿಯ ಹಂಗೇ ಇರಬಾರದು. ಬೇರೆಬೇರೆ ಪಂಥಗಳವರು ಪರಸ್ಪರ ಒಪ್ಪದೆಯೂ ತಮ್ಮ ತಮ್ಮ ಸಾಧನಗಳಲ್ಲಿ ಇದನ್ನೇ ಬರೆದಿಟ್ಟಿದ್ದಾರೆ.

ತಾಲ್ಲೂಕಿಗೆ ಸರ್ವರ್ ಬಂದ ಬಗೆ

ಕರ್ನಾಟಕದ ಹಳ್ಳಿಗಾಡಿಗೆ ಸರ್ವರ್ ಎಂಬ ವಸ್ತು ದೊಡ್ಡ ಪ್ರಮಾಣದಲ್ಲಿ ಬಂದದ್ದು 'ಭೂಮಿ' ಯೋಜನೆಯ ಜೊತೆ. ಈ ಶತಮಾನದ ಮೊದಲ ಒಂದೆರಡು ವರ್ಷಗಳಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ರಾಜ್ಯದ ಎಲ್ಲ ತಾಲ್ಲೂಕು ಕಚೇರಿಗಳಲ್ಲಿ ಕೇಂದ್ರ ತೆರೆದು, 15 ರೂಪಾಯಿಗೆ ಮುದ್ರಿತ ಪಹಣಿ ಕೊಡಲು ಶುರುವಾಯಿತು, ಕೈಬರಹದ ಪಹಣಿಯ ಮಾನ್ಯತೆ ಹೋಯಿತು. ಆಗಿನ ವಿನ್ಯಾಸದಲ್ಲಿ ಪ್ರತಿ ತಾಲ್ಲೂಕಿಗೂ ಅದರದೇ ಸರ್ವರ್, ಅದರದೇ ದತ್ತಾಂಶ. ಗ್ರಾಮ ಲೆಕ್ಕಿಗರ ಕಂಕುಳಲ್ಲಿದ್ದ ದಪ್ಪ ಪುಸ್ತಕ ತಾಲ್ಲೂಕು ಕಚೇರಿಯ ಒಂದು ಕೋಣೆಯ ಯಂತ್ರಕ್ಕೆ ಇಳಿಯಿತು. ಆ ಯಂತ್ರ ಕೆಟ್ಟರೆ ಕೆಡುವುದು ಆ ತಾಲ್ಲೂಕಿನ ಕೆಲಸ ಮಾತ್ರ. ಆದರೆ ಅದನ್ನು ನೋಡಿಕೊಳ್ಳುವ ಕೆಲಸ ನೂರೆಪ್ಪತ್ತಕ್ಕೂ ಹೆಚ್ಚು ಕಡೆ ಬೇರೆಬೇರೆಯಾಗಿ ನಡೆಯಬೇಕು. ಹೊಸ ಆವೃತ್ತಿ ಬಂದಾಗ ಅಷ್ಟೂ ಕಡೆಗೆ ಅದನ್ನು ತಲುಪಿಸುವುದು ಹೇಗೆಂಬ ಪ್ರಶ್ನೆ ಈ ವಿನ್ಯಾಸದ ಹೊಟ್ಟೆಯಲ್ಲೇ ಇತ್ತು.

ತಲುಪಿಸುವ ದಾರಿಗಳು ಆಗ ಬಡವಾಗಿದ್ದವು. 2002ರ ಸುಮಾರಿಗೆ 'ಖಜಾನೆ' ಯೋಜನೆ ರಾಜ್ಯದ ಖಜಾನೆಗಳನ್ನು ಉಪಗ್ರಹದ ವಿ-ಸ್ಯಾಟ್ ಮೂಲಕ ಜೋಡಿಸಿತು. 2005ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ರಾಜ್ಯವ್ಯಾಪಿ ಜಾಲದ ಯೋಜನೆ ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಕನಿಷ್ಠ 2 ಎಂಬಿಪಿಎಸ್ ಸಾಲು ಎಂದು ನಿಗದಿ ಮಾಡಿತು. ನಮ್ಮಲ್ಲಿ ಅದರ ಹೆಸರು ಕೆಸ್ವಾನ್. ಲೆಕ್ಕ ಹಾಕಿ ನೋಡೋಣ. 5 ಜಿಬಿಯ ಒಂದು ಅನುಸ್ಥಾಪನಾ ಕಡತವೆಂದರೆ 40,000 ಮೆಗಾಬಿಟ್. 2 ಎಂಬಿಪಿಎಸ್ ಸಾಲು ಪೂರ್ತಿ ಅದಕ್ಕೇ ಮೀಸಲಾದರೂ ಐದೂವರೆ ಗಂಟೆ ಬೇಕು. ಕಚೇರಿಯ ವೇಳೆಯಲ್ಲಿ ಹೀಗೆ ಎಳೆದರೆ ಅವತ್ತು ಪಹಣಿಯೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ಅದಕ್ಕೂ ಹಿಂದಿನ 64 ಕೆಬಿಪಿಎಸ್ ಕಾಲದಲ್ಲಾದರೆ 650 ಎಂಬಿಯ ಒಂದು ಸಿಡಿಗೇ ಇಪ್ಪತ್ತೆರಡು ಗಂಟೆಗೂ ಹೆಚ್ಚು. ಬೆಂಗಳೂರಿನಿಂದ ಹೊರಟ ಕೆಂಪು ಬಸ್ಸು ಅಷ್ಟರಲ್ಲಿ ಮೊಳಕಾಲ್ಮೂರಿಗೆ ಬಂದು ವಾಪಸೂ ಹೋಗಿರುತ್ತಿತ್ತು.

ಸಿಡಿ ಹಿಡಿದು ಹೋಗುವವರು

ಮೊದಲ ಪಂಥ ಹುಟ್ಟಿದ್ದು ಈ ಲೆಕ್ಕದಿಂದಲೇ. ಇದರ ಅನುಯಾಯಿಗಳಿಗೆ ಸರ್ವರ್ ಏರಿಸುವುದೆಂದರೆ ಸರ್ವರಿನ ಮುಂದೆ ಕುಳಿತು ಮಾಡುವ ಕೆಲಸ. ಇವರ ಬಲವಾದ ವಾದ ವೇಗದ ಬಗ್ಗೆ ಇಲ್ಲ, ಪರದೆಯ ಬಗ್ಗೆ ಇದೆ. ಅಪ್‌ಗ್ರೇಡ್ ನಡೆಯುವಾಗ ಯಂತ್ರ ಎರಡು ಮೂರು ಸಲ ಬೂಟ್ ಆಗುತ್ತದೆ. ಆಗ ದೂರದಲ್ಲಿ ಕೂತವನ ಸಂಪರ್ಕ ಕಡಿದು ಹೋಗುತ್ತದೆ. ಮತ್ತೆ ಬಂದರೆ ಸರಿ. ಬರದಿದ್ದರೆ ಅಲ್ಲಿ ಪರದೆಯ ಮೇಲೆ ಏನು ಬರೆದಿದೆ ಎಂದು ಕೇಳಲು ಕಚೇರಿಯ ಜವಾನನಿಗೆ ಫೋನ್ ಮಾಡಬೇಕು. ದೊಡ್ಡ ದತ್ತಕೇಂದ್ರಗಳ ಸರ್ವರುಗಳಲ್ಲಿ ಆಪರೇಟಿಂಗ್ ಸಿಸ್ಟಂ ಸತ್ತಾಗಲೂ ಪರದೆ ತೋರಿಸುವ ಪ್ರತ್ಯೇಕ ನಿಯಂತ್ರಣ ಕಾರ್ಡ್ ಇರುತ್ತದೆ. ಅಗ್ಗದಲ್ಲಿ ಕೊಂಡ ಸಣ್ಣ ಕಚೇರಿಯ ಯಂತ್ರದಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ಲಿನಕ್ಸ್ ಲೋಕದಲ್ಲೂ ಈ ಎಚ್ಚರ ಇದೆ. ಡೆಬಿಯನ್ನಿನ ಬಿಡುಗಡೆ ಟಿಪ್ಪಣಿಗಳು ಟೆಲ್‌ನೆಟ್‌ನಂಥ ಸಂಪರ್ಕದ ಮೂಲಕ ಅಪ್‌ಗ್ರೇಡ್ ಮಾಡಬೇಡಿ, ದೂರದಿಂದ ಮಾಡಲೇಬೇಕಾದರೆ ಸಂಪರ್ಕ ಕಡಿದರೂ ಸಾಯದ ಸ್ಕ್ರೀನ್‌ನಂಥ ಕಾರ್ಯಕ್ರಮದೊಳಗೆ ಮಾಡಿ ಎಂದು ಹೇಳುತ್ತ ಬಂದಿವೆ. ಉಬುಂಟುವಿನ ಅಪ್‌ಗ್ರೇಡ್ ಸಾಧನ ದೂರದಿಂದ ಬಂದವರಿಗೆ ಆಪತ್ಕಾಲದ ಬಾಗಿಲೆಂದು 1022ನೇ ಪೋರ್ಟಿನಲ್ಲಿ ಇನ್ನೊಂದು ದಾರಿಯನ್ನು ತೆರೆದಿಡುತ್ತದೆ.

ಈ ಪಂಥ ವಿವರಿಸಲಾರದ್ದು ಒಂದು: ಸಿಡಿಗಳು ಎಲ್ಲ ಕಡೆ ಒಂದೇ ಆಗಿರುತ್ತವೆ ಎಂಬ ಭರವಸೆ ಎಲ್ಲಿಂದ ಬಂತು? ನೂರು ಕಡೆಗೆ ನೂರು ಜನ ನೂರು ಪ್ರತಿ ಹೊತ್ತೊಯ್ದರೆ ಒಬ್ಬರ ಕೈಯಲ್ಲಿ ಹಳೆಯ ಸರ್ವಿಸ್ ಪ್ಯಾಕ್, ಇನ್ನೊಬ್ಬರ ಕೈಯಲ್ಲಿ ಗೀರು ಬಿದ್ದ ಡಿಸ್ಕ್, ಮತ್ತೊಬ್ಬರ ಪೆನ್‌ಡ್ರೈವಿನಲ್ಲಿ ವೈರಸ್. ಆರು ತಿಂಗಳ ನಂತರ ಚಳ್ಳಕೆರೆಯ ಸರ್ವರಿಗೂ ಹಿರಿಯೂರಿನ ಸರ್ವರಿಗೂ ಇರುವ ವ್ಯತ್ಯಾಸವೇನೆಂದು ಹೇಳಬಲ್ಲವರು ಯಾರೂ ಉಳಿದಿರುವುದಿಲ್ಲ.

ಒಂದೇ ಮೂಲ, ಹಲವು ಸರ್ವರ್

ಎರಡನೆಯ ಪಂಥ ಈ ಗೊಂದಲಕ್ಕೆ ಉತ್ತರ. ಮೂಲ ಕಡತ ಒಂದೇ ಕಡೆ ಇರಲಿ, ಎಲ್ಲರೂ ಅಲ್ಲಿಂದಲೇ ತೆಗೆದುಕೊಳ್ಳಲಿ. ಸನ್ ಸಂಸ್ಥೆ 1984ರಲ್ಲಿ ಎನ್‌ಎಫ್‌ಎಸ್ ಎಂಬ ಜಾಲದ ಕಡತ ವ್ಯವಸ್ಥೆಯನ್ನು ರೂಪಿಸಿದ ಮೇಲೆ ಯೂನಿಕ್ಸ್ ಯಂತ್ರಗಳಿಗೆ ಇದು ಸಹಜವಾಯಿತು. ವಿಂಡೋಸ್ ಎನ್‌ಟಿ ಕಾಲದಲ್ಲಿ ಸಿಡಿಯ ಐ386 ಎಂಬ ಫೋಲ್ಡರನ್ನು ಸರ್ವರಿಗೆ ನಕಲಿಸಿ ಶೇರ್ ಮಾಡಿದರೆ ಮುಗಿಯಿತು. ವಿನ್‌ಎನ್‌ಟಿ32 ಎಂಬ ಆಜ್ಞೆ ಅಲ್ಲಿಂದ ಅಪ್‌ಗ್ರೇಡ್ ಶುರು ಮಾಡುತ್ತಿತ್ತು. ಆ ಆಜ್ಞೆಗೆ ಏಕಕಾಲಕ್ಕೆ ಎಂಟರವರೆಗೆ ಮೂಲ ಸರ್ವರುಗಳನ್ನು ತೋರಿಸಬಹುದಿತ್ತು, ನಕಲು ಬೇಗ ಮುಗಿಯಲಿ ಎಂದು. ತಮಾಷೆಯೆಂದರೆ ಪಟ್ಟಿಯ ಮೊದಲನೆಯ ಸರ್ವರ್ ಸಿಗದಿದ್ದರೆ ಉಳಿದ ಏಳು ಇದ್ದೂ ಸೆಟಪ್ ಸೋಲುತ್ತಿತ್ತು.

ಈ ದಾರಿಯ ನಿಜವಾದ ತೊಡಕು ಸಾಲಿನ ಅಗಲದ್ದಲ್ಲ, ಮಾತಿನ ಅಂತರದ್ದು. ವಿಂಡೋಸ್ ಶೇರ್ ಮಾತಾಡುವ ಭಾಷೆ ಎಸ್‌ಎಂಬಿ. ಅದರ ಮೊದಲ ಆವೃತ್ತಿ ಒಂದೊಂದು ಸಣ್ಣ ಕೆಲಸಕ್ಕೂ ಕೇಳಿ, ಉತ್ತರಕ್ಕೆ ಕಾದು, ಮತ್ತೆ ಕೇಳುತ್ತಿತ್ತು. ಒಂದೇ ಕಟ್ಟಡದೊಳಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲಿನ ಉಪಗ್ರಹದ ಮೂಲಕ ಹೋಗಿ ಬರುವ ಪ್ರಶ್ನೋತ್ತರಕ್ಕೆ ಹತ್ತಿರ ಹತ್ತಿರ ಅರ್ಧ ಸೆಕೆಂಡ್ ಬೇಕು. 5,000 ಸಣ್ಣ ಕಡತಗಳಿವೆ, ಒಂದೊಂದಕ್ಕೆ ಮೂರೇ ಸಲ ಹೋಗಿಬರಬೇಕು ಎಂದುಕೊಂಡರೂ ಬರೀ ಕಾಯುವುದಕ್ಕೇ ಎರಡು ಗಂಟೆ ಹೋಯಿತು. ಸಾಲನ್ನು ಹತ್ತು ಪಟ್ಟು ಅಗಲ ಮಾಡಿದರೂ ಈ ಎರಡು ಗಂಟೆ ಕಡಿಮೆಯಾಗುವುದಿಲ್ಲ. 2006ರ ಕೊನೆಗೆ ವಿಂಡೋಸ್ ವಿಸ್ತಾ ಜೊತೆ ಬಂದ ಎಸ್‌ಎಂಬಿಯ ಎರಡನೆಯ ಆವೃತ್ತಿ ಹಲವು ಕೋರಿಕೆಗಳನ್ನು ಒಟ್ಟಿಗೆ ಕಳಿಸುವುದನ್ನು ಕಲಿಯಿತು. ಸಾವಿರಾರು ಸಣ್ಣ ಕಡತಗಳ ಜಾಗಕ್ಕೆ ವಿಮ್ ಎಂಬ ಒಂದೇ ದೊಡ್ಡ ಕಡತ ಬಂತು. 2009ರ ವಿಂಡೋಸ್ ಸರ್ವರ್ 2008 ಆರ್2 ಜೊತೆ ಬಂದ ಬ್ರಾಂಚ್‌ಕ್ಯಾಶ್, ಒಮ್ಮೆ ಶಾಖೆಗೆ ಬಂದ ಕಡತವನ್ನು ಅಲ್ಲೇ ಇಟ್ಟುಕೊಂಡು ಪಕ್ಕದವರಿಗೆ ಹಂಚುವ ಏರ್ಪಾಡು. ಈ ಮೂರೂ ಸೇರಿ ಎರಡನೆಯ ಪಂಥಕ್ಕೆ ಜೀವ ತುಂಬಿದವು.

ಅಷ್ಟರಲ್ಲಿ ಭದ್ರತೆಯ ಪ್ರಶ್ನೆ ಎದ್ದಿತು. 2017ರ ಮೇ 12ರಂದು ಹಬ್ಬಿದ ವನ್ನಾಕ್ರೈ ಹೊಕ್ಕಿದ್ದು ಎಸ್‌ಎಂಬಿಯ ಮೊದಲ ಆವೃತ್ತಿಯ ರಂಧ್ರದಿಂದ. ಮೈಕ್ರೋಸಾಫ್ಟ್ ಅದಕ್ಕೆ ತೇಪೆಯನ್ನು ಮಾರ್ಚ್‌ನಲ್ಲೇ ಕೊಟ್ಟಿತ್ತು. ಬೆಂಬಲ ಮುಗಿದು ಎರಡು ವರ್ಷವಾಗುತ್ತ ಬಂದಿದ್ದ ಸರ್ವರ್ 2003ಕ್ಕೂ ಆಮೇಲೆ ಅವಸರದಲ್ಲಿ ಒಂದು ತೇಪೆ ಹೊರಡಿಸಬೇಕಾಯಿತು. ಅಂದಿನಿಂದ ಹೊಸ ಆವೃತ್ತಿಗಳಲ್ಲಿ ಎಸ್‌ಎಂಬಿ ಒಂದನ್ನು ತಾನಾಗಿ ಹಾಕುವುದು ನಿಂತಿತು. ಪರಿಣಾಮ ವಿಚಿತ್ರ. ಸರ್ವರ್ 2003ಕ್ಕೆ ಬರುವುದು ಎಸ್‌ಎಂಬಿ ಒಂದು ಮಾತ್ರ. ಅಂದರೆ ಏರಿಸಬೇಕಾದ ತುರ್ತು ಯಾವ ಯಂತ್ರಕ್ಕೆ ಎಲ್ಲಕ್ಕಿಂತ ಹೆಚ್ಚೋ, ಅದೇ ಯಂತ್ರಕ್ಕೆ ಹೊಸ ಶೇರ್ ಫೋಲ್ಡರಿನ ಬಾಗಿಲು ತೆರೆಯುವುದಿಲ್ಲ. ತೆರೆಯಲೇಬೇಕೆಂದು ಹೊಸ ಸರ್ವರಿನಲ್ಲಿ ಹಳೆಯ ಭಾಷೆಯನ್ನು ಮತ್ತೆ ಚಾಲೂ ಮಾಡಿದರೆ ಜಾಲದ ಎಲ್ಲರಿಗೂ ಅಪಾಯ. ಶೇರ್ ಪಂಥದವರು ಇದಕ್ಕೆ ಕೊಟ್ಟ ಉತ್ತರಗಳಲ್ಲಿ ಯಾವುದೂ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ.

ಹಳೆಯದರ ಮೇಲೆ ಹೊಸದು ಬೇಡ ಎನ್ನುವವರು

ಮೂರನೆಯ ಪಂಥದವರಿಗೆ ದಾರಿಯ ಚರ್ಚೆಯೇ ಬೇಡ. ಇದ್ದಲ್ಲೇ ಏರಿಸುವುದನ್ನೇ ಅವರು ಒಪ್ಪುವುದಿಲ್ಲ. ಪಕ್ಕದಲ್ಲಿ ಹೊಸ ಯಂತ್ರ ಕಟ್ಟಿ, ದತ್ತಾಂಶ ಸಾಗಿಸಿ, ಪರೀಕ್ಷಿಸಿ, ಹಳೆಯದನ್ನು ಸ್ಥಗಿತಗೊಳಿಸಿ ಎನ್ನುತ್ತಾರೆ. ಇವರ ಬೆನ್ನಿಗೆ ಇತಿಹಾಸ ನಿಂತಿದೆ. ಸರ್ವರ್ 2008 ಆರ್2 ಬಂದಾಗ ಅದು 64 ಬಿಟ್ ಮಾತ್ರ. 32 ಬಿಟ್‌ನ ಹಳೆಯ ಸರ್ವರುಗಳಿಗೆ ಇದ್ದಲ್ಲೇ ಏರುವ ದಾರಿ ಅಲ್ಲಿಗೇ ಕಡಿಯಿತು. ಡೊಮೈನ್ ಕಂಟ್ರೋಲರ್‌ಗಳ ವಿಷಯದಲ್ಲಿ ಮೈಕ್ರೋಸಾಫ್ಟಿನ ಸಲಹೆಯೂ ಹೊಸದನ್ನು ಕಟ್ಟಿ ಹಳೆಯದನ್ನು ತೆಗೆಯುವುದೇ. ರೆಡ್ ಹ್ಯಾಟ್ ಬಹುಕಾಲ ಪ್ರಮುಖ ಆವೃತ್ತಿಗಳ ನಡುವಿನ ಜಿಗಿತಕ್ಕೆ ಹೊಸ ಅನುಸ್ಥಾಪನೆಯನ್ನೇ ಹೇಳುತ್ತಿತ್ತು.

ಕನ್ನಡದ ಕಚೇರಿಗಳಲ್ಲಿ ಈ ಪಂಥಕ್ಕೆ ಇನ್ನೊಂದು ಆಧಾರವಿದೆ, ಅದು ಇಂಗ್ಲಿಷಿನ ಕೈಪಿಡಿಗಳಲ್ಲಿ ಇಲ್ಲ. ವಿಂಡೋಸ್ 2000ದಲ್ಲಿ ಭಾರತೀಯ ಲಿಪಿಗಳ ಪೈಕಿ ದೇವನಾಗರಿ, ತಮಿಳಿಗೆ ಮಾತ್ರ ಯೂನಿಕೋಡ್ ನೆರವಿತ್ತು. ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಹಾಗಾಗಿ ಆ ಕಾಲದ ಕನ್ನಡ ತಂತ್ರಾಂಶಗಳೆಲ್ಲ ಬೇರೆ ಊರುಗೋಲು ಹಿಡಿದಿದ್ದವು. 'ಭೂಮಿ' ಸಿ-ಡ್ಯಾಕ್‌ನ ಜಿಸ್ಟ್ ಬಳಸಿತು, ಬೇರೆ ಕಚೇರಿಗಳು 'ನುಡಿ' ತಂತ್ರಾಂಶದ ಅಕ್ಷರಶೈಲಿಗಳಲ್ಲಿ ಕಡತ ಬರೆದವು. ಇಂಥ ದತ್ತಾಂಶವನ್ನು ಹೊತ್ತ ಸರ್ವರನ್ನು ಏರಿಸಿದಾಗ ಸೆಟಪ್ "ಯಶಸ್ವಿ" ಎಂದೇ ಹೇಳುತ್ತದೆ. ಆದರೆ ಅಕ್ಷರ ಮೂಡಿಸುವ ಹಳೆಯ ತಂತ್ರಾಂಶ ಹೊಸ ಸಿಸ್ಟಂನಲ್ಲಿ ನಡೆಯದಿದ್ದರೆ ರೈತನ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಪಕ್ಕದಲ್ಲಿ ಹೊಸದನ್ನು ಕಟ್ಟಿ, ಹಳೆಯದರ ಪರದೆಯ ಜೊತೆ ಹೋಲಿಸಿ ನೋಡಿದವರಿಗೆ ಮಾತ್ರ ಇದು ಮೊದಲೇ ಗೊತ್ತಾಗುತ್ತದೆ. ಪಂಥದ ದೌರ್ಬಲ್ಯ ಖರ್ಚು. ಒಂದು ಯಂತ್ರಕ್ಕೇ ಅನುದಾನ ಹುಡುಕುವ ಕಡೆ ಎರಡು ಯಂತ್ರ ಎಲ್ಲಿಂದ ತರುವುದು? ವರ್ಚುವಲ್ ಯಂತ್ರಗಳು ಇದನ್ನು ಬಹುಮಟ್ಟಿಗೆ ನೀಗಿವೆ.

ತಾಲ್ಲೂಕಿನಲ್ಲಿ ಸರ್ವರ್ ಏಕೆ?

ನಾಲ್ಕನೆಯವರು ಸರ್ವರನ್ನೇ ಎತ್ತಿಕೊಂಡು ಹೋದರು. ದತ್ತಾಂಶ ರಾಜ್ಯದ ದತ್ತಕೇಂದ್ರದಲ್ಲಿರಲಿ, ತಾಲ್ಲೂಕಿಗೆ ಬ್ರೌಸರ್ ಸಾಕು. ಪಹಣಿ ಇಂದು ಮನೆಯಲ್ಲೇ ಮೊಬೈಲಿನಲ್ಲಿ ಕಾಣುತ್ತಿರುವುದು ಈ ಪಂಥದ ಗೆಲುವು. ಅಪ್‌ಗ್ರೇಡ್ ಸಮಸ್ಯೆಯೂ ಒಂದೇ ಕೋಣೆಯೊಳಗಿನದಾಯಿತು. ಅಲ್ಲಿ ಶೇರ್ ಫೋಲ್ಡರ್ ಪಕ್ಕದ ರ‍್ಯಾಕಿನಲ್ಲೇ ಇರುತ್ತದೆ, ಯಾರ ತಕರಾರೂ ಇಲ್ಲ. ಆದರೆ ಹಿಂದೆ ಒಂದು ತಾಲ್ಲೂಕಿಗೆ ಸೀಮಿತವಾಗಿದ್ದ "ಸರ್ವರ್ ಇಲ್ಲ" ಈಗ ಇಡೀ ರಾಜ್ಯದ್ದಾಗುತ್ತದೆ. 2023ರ ಜೂನ್‌ನಲ್ಲಿ ಗೃಹಜ್ಯೋತಿ ನೋಂದಣಿ ಶುರುವಾದಾಗ ಸೇವಾ ಸಿಂಧು ಜಾಲತಾಣ ತಡವರಿಸಿದ್ದನ್ನು ಓದುಗರು ಮರೆತಿರಲಾರರು. ಅಲ್ಲದೆ ಎಲ್ಲವೂ ಕೇಂದ್ರಕ್ಕೆ ಹೋಗಿಲ್ಲ. ಆಸ್ಪತ್ರೆ, ಕಾಲೇಜು, ಸಹಕಾರ ಸಂಘ, ಸಣ್ಣ ಕಾರ್ಖಾನೆಗಳಲ್ಲಿ ಸ್ವಂತ ಸರ್ವರುಗಳು ಇವೆ. ಅವುಗಳಿಗೆ ಈ ಪಂಥ ಏನನ್ನೂ ಹೇಳುವುದಿಲ್ಲ.

ಎಲ್ಲರೂ ಒಪ್ಪಿದ್ದು, ಒಪ್ಪಿದೆವೆಂದು ಹೇಳದ್ದು

ಈಗ ಸಾಧನಗಳ ಒಳಗೆ ನೋಡೋಣ. ಶೇರ್‌ನಿಂದ ಶುರುವಾದ ವಿನ್‌ಎನ್‌ಟಿ32 ಮೊದಲು ಮಾಡುತ್ತಿದ್ದದ್ದು ಮೂಲ ಕಡತಗಳನ್ನೆಲ್ಲ ಸ್ಥಳೀಯ ಡಿಸ್ಕಿನ ಒಂದು ತಾತ್ಕಾಲಿಕ ಫೋಲ್ಡರಿಗೆ ತಂದುಕೊಳ್ಳುವುದು, ಆಮೇಲಷ್ಟೇ ಬೂಟ್. ಇಂದಿನ ವಿಂಡೋಸ್ ಸೆಟಪ್ಪಿನದೂ ಅದೇ ಕ್ರಮ. ಉಬುಂಟು, ಡೆಬಿಯನ್‌ಗಳಲ್ಲಿ ಎಲ್ಲ ಪೊಟ್ಟಣಗಳೂ ಇಳಿದು, ಸಹಿ ತಾಳೆಯಾದ ಮೇಲೆ ಬಿಚ್ಚುವ ಕೆಲಸ ಶುರು. ರೆಡ್ ಹ್ಯಾಟ್ 7ರಿಂದ 8ಕ್ಕೆ ಏರಿಸಲು ತಂದ ಲೀಪ್ ಬೇಕಾದ್ದನ್ನೆಲ್ಲ ಇಳಿಸಿಕೊಂಡು, ನಂತರ ಒಂದು ವಿಶೇಷ ಪುಟ್ಟ ಸಿಸ್ಟಂಗೆ ಬೂಟ್ ಆಗಿ ಬದಲಾವಣೆ ಮಾಡುತ್ತದೆ. ಸೋಲಾರಿಸ್‌ನ ಲೈವ್ ಅಪ್‌ಗ್ರೇಡ್ ಇನ್ನೂ ಮುಂದೆ ಹೋಗಿ, ನಡೆಯುತ್ತಿರುವ ಸಿಸ್ಟಂನ ಪಕ್ಕದಲ್ಲೇ ಅದರ ಪ್ರತಿಯನ್ನು ಮಾಡಿ, ಪ್ರತಿಯನ್ನು ಏರಿಸಿ, ಒಂದು ಬೂಟಿನಲ್ಲಿ ಅತ್ತ ದಾಟುತ್ತಿತ್ತು. ಹಿಡಿಸದಿದ್ದರೆ ಇನ್ನೊಂದು ಬೂಟಿನಲ್ಲಿ ಇತ್ತ. ಪರಸ್ಪರ ಸ್ಪರ್ಧಿಗಳಾದ ಸಂಸ್ಥೆಗಳು, ಸಮುದಾಯಗಳು ಬೇರೆಬೇರೆ ದಶಕಗಳಲ್ಲಿ ಒಂದೇ ತೀರ್ಮಾನಕ್ಕೆ ಬಂದಿವೆ. ದೂರವನ್ನು ದಾಟಬೇಕಾದದ್ದು ಅಪ್‌ಗ್ರೇಡ್‌ಗೆ ಮೊದಲು.

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದ ಅಶೋಕನ ಶಾಸನಗಳು ಇಲ್ಲಿ ನೆನಪಾಗುತ್ತವೆ. ಸುವರ್ಣಗಿರಿಯ ಆರ್ಯಪುತ್ರನಿಂದ ಇಸಿಲದ ಮಹಾಮಾತ್ರರಿಗೆ ಬಂದ ಒಂದೇ ಆಜ್ಞೆ ಮೂರು ಕಡೆ ಕೆತ್ತಲ್ಪಟ್ಟಿತು. ಆಜ್ಞೆ ಪೂರ್ತಿಯಾಗಿ ಊರು ಸೇರಿದ ಮೇಲೆ ಉಳಿ ಎದ್ದಿರಬೇಕು; ಸಾಲು ಸಾಲಿಗೂ ಸುವರ್ಣಗಿರಿಗೆ ಆಳು ಓಡಿಸಿ ಕೆತ್ತುವ ಪದ್ಧತಿಯನ್ನು ಲಿಪಿಕಾರ ಚಪಡ ಒಪ್ಪುತ್ತಿರಲಿಲ್ಲ.

ಮೊದಲು ನಕಲು, ಆಮೇಲೆ ಬದಲಾವಣೆ ಎಂಬ ಈ ತೀರ್ಮಾನಕ್ಕೆ ಆಕ್ಷೇಪಗಳಿವೆ. ಸೆಟಪ್ ತಾನೇ ಎಲ್ಲವನ್ನೂ ತಂದುಕೊಳ್ಳುತ್ತದೆಂದ ಮೇಲೆ ನಾವು ಪ್ರತ್ಯೇಕವಾಗಿ ನಕಲಿಸುವುದೇಕೆ ಎಂಬುದು ಮೊದಲನೆಯದು. ಕಾರಣ, ಸೆಟಪ್ಪಿನ ನಕಲು ನಡುವೆ ಕಡಿದರೆ ಅದು ಮೊದಲಿಂದ ಶುರು ಮಾಡಬೇಕಾಗಬಹುದು. ರೋಬೋಕಾಪಿಯಂಥ ಸಾಧನ ಬಿಟ್ಟಲ್ಲಿಂದ ಮುಂದುವರಿಸುತ್ತದೆ, ಅದನ್ನು ಮೂರು ರಾತ್ರಿ ಹಂಚಿ ನಡೆಸಬಹುದು. ಬಂದ ಕಡತದ ಹ್ಯಾಶ್, ಅಂದರೆ ಅದರ ಗುರುತಿನ ಅಂಕೆ, ಮೂಲದ ಹ್ಯಾಶಿಗೆ ಹೊಂದುತ್ತದೆಯೇ ಎಂದು ನಿಧಾನವಾಗಿ ನೋಡಬಹುದು. ಹಳೆಯ ಸರ್ವರುಗಳಲ್ಲಿ ಜಾಗವೇ ಇಲ್ಲ ಎಂಬುದು ಎರಡನೆಯ ಆಕ್ಷೇಪ, ಬಹುಮಟ್ಟಿಗೆ ನಿಜ. ಆದರೆ 5 ಜಿಬಿ ಇಡಲು ಜಾಗವಿಲ್ಲದ ಡಿಸ್ಕಿನಲ್ಲಿ ಹಿಂದಿರುಗಲು ಬೇಕಾದ ಹಳೆಯ ಸಿಸ್ಟಂನ ಪ್ರತಿಗೂ ಜಾಗವಿರುವುದಿಲ್ಲ. ಅಂಥ ಯಂತ್ರವನ್ನು ಇದ್ದಲ್ಲೇ ಏರಿಸಲು ಹೊರಡುವುದೇ ಸಲ್ಲದು. ಫೈಬರ್ ಬಂದಿದೆ, ಈ ಚಿಂತೆಯೆಲ್ಲ ಹಳೆಯದು ಎಂಬ ಮೂರನೆಯ ಆಕ್ಷೇಪಕ್ಕೆ ನನಗೆ ಸಹನೆ ಕಡಿಮೆ. ರಸ್ತೆ ಅಗಲ ಮಾಡುವ ಜೆಸಿಬಿಗೆ ಸಾಲಿನ ವೇಗ ಗೊತ್ತಾಗುವುದಿಲ್ಲ. ವೇಗ ಹೆಚ್ಚಿದಾಗ ನಕಲಿಗೆ ಬೇಕಾದ ಸಮಯ ಕಡಿಮೆಯಾಗುತ್ತದೆ, ಅಷ್ಟೆ. ನಡುವೆ ಕಡಿಯುವ ಸಾಧ್ಯತೆ ಉಳಿದೇ ಇರುತ್ತದೆ. ಕರೆಂಟಿನ ಮಾತು ಬೇರೆ: ಸ್ಥಳೀಯ ಪ್ರತಿ ಇದ್ದರೂ ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಅಪ್‌ಗ್ರೇಡ್ ಅರ್ಧಕ್ಕೆ ನಿಲ್ಲುತ್ತದೆ. ಇದನ್ನು ಯಾವ ಪಂಥವೂ ಬಗೆಹರಿಸಿಲ್ಲ.

ತೀರ್ಮಾನವಾಗದೆ ಉಳಿದದ್ದು

ಎಷ್ಟು ಆವೃತ್ತಿ ಹಾರಬಹುದು ಎಂಬುದು ಮತ್ತೆ ಚರ್ಚೆಗೆ ಬಂದಿದೆ. ಬಹುಕಾಲ ಒಂದೋ ಎರಡೋ ಮೆಟ್ಟಿಲು ಎಂಬ ಮಿತಿಯಿತ್ತು. 2024ರ ನವೆಂಬರಿನಲ್ಲಿ ಬಂದ ಸರ್ವರ್ 2025, 2012 ಆರ್2ನಿಂದ ನೇರ ಜಿಗಿತಕ್ಕೆ ಅವಕಾಶ ಕೊಟ್ಟಿದೆ. ಇದರಿಂದ ಇದ್ದಲ್ಲೇ ಏರಿಸುವವರಿಗೆ ಬಲ ಬಂತೆಂಬುದು ನಿಜ, ಆದರೆ ಹತ್ತು ವರ್ಷ ಮುಟ್ಟದೆ ಬಿಟ್ಟ ಯಂತ್ರವನ್ನು ಒಂದೇ ಸಲ ಏರಿಸುವುದು ಅಭ್ಯಾಸವಾದರೆ ನಡುವಿನ ಹತ್ತು ವರ್ಷದ ಅಸಡ್ಡೆಗೆ ಅದು ಪರವಾನಗಿಯಾದೀತು. ಕೇಂದ್ರ ಸರ್ಕಾರದ 2015ರ ಮುಕ್ತ ತಂತ್ರಾಂಶ ನೀತಿಯಂತೆ ಲಿನಕ್ಸಿಗೆ ಹೊರಳಿದ ಕಚೇರಿಗಳಲ್ಲಿ ಪ್ರಶ್ನೆ ಬೇರೆ: ಪೊಟ್ಟಣಗಳ ಸ್ಥಳೀಯ ಕನ್ನಡಿ ಪ್ರತಿಯನ್ನು (ಮಿರರ್) ಜಿಲ್ಲೆಗೊಂದರಂತೆ ಯಾರು ಸಾಕಬೇಕು? ಕನ್ನಡದ ಹಳೆಯ ಸಂಕೇತಗಳಲ್ಲಿ ಉಳಿದ ದತ್ತಾಂಶವನ್ನು ಅಪ್‌ಗ್ರೇಡ್ ಜೊತೆಗೇ ಯೂನಿಕೋಡಿಗೆ ತರಬೇಕೋ, ಬೇರೆಯಾಗಿ ತರಬೇಕೋ ಎಂಬುದಕ್ಕೂ ಒಪ್ಪಿತ ಉತ್ತರವಿಲ್ಲ. ಬೇರೆಯಾಗಿ ಎಂಬುದು ನನ್ನ ಒಲವು, ಏಕೆಂದರೆ ಎರಡು ಬದಲಾವಣೆ ಒಟ್ಟಿಗೆ ಆದಾಗ ತಪ್ಪು ಯಾವುದರದೆಂದು ಹುಡುಕುವುದು ಕಷ್ಟ. ಕೊನೆಯದಾಗಿ, ನಡುವೆ ಏನೋ ಸರಿಯಿಲ್ಲ ಎನಿಸಿದಾಗ ನಿಲ್ಲಿಸಿ ಹಿಂದಿರುಗುವ ಅಧಿಕಾರ ಯಾರದು? ಸರ್ವರಿನ ಮುಂದಿರುವ ತಾಲ್ಲೂಕಿನ ನೌಕರನದೋ, ದೂರದಿಂದ ನೋಡುತ್ತಿರುವ ತಜ್ಞನದೋ? ಕೈಪಿಡಿಗಳು ಇದನ್ನು ಹೇಳುವುದಿಲ್ಲ, ಟೆಂಡರ್ ಪತ್ರಗಳಾದರೂ ಹೇಳಬೇಕು.

ವಿಂಡೋಸ್ ಸರ್ವರ್ 2012ರ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿದಿದೆ. ಸರ್ವರ್ 2016ರದು 2027ರ ಜನವರಿ 12ಕ್ಕೆ ಮುಗಿಯುತ್ತದೆ. ಈ ಎರಡರಲ್ಲಿ ಒಂದು ನಿಮ್ಮ ಸಂಘದಲ್ಲೋ ಕಾಲೇಜಿನಲ್ಲೋ ಇದ್ದರೆ, ಹೊಸ ಆವೃತ್ತಿಯ ಕಡತವನ್ನು ಅದರ ಪಕ್ಕಕ್ಕೆ ತಂದು, ಹ್ಯಾಶ್ ತಾಳೆ ನೋಡಿ, ಯುಪಿಎಸ್ ಬ್ಯಾಟರಿ ಬದಲಿಸುವ ಕೆಲಸವನ್ನು 2012 ಆದರೆ ಈಗಲೇ, 2016 ಆದರೆ ದಿನಾಂಕ ಹತ್ತಿರ ಬರುವ ಮೊದಲೇ ಮುಗಿಸಿಡಿ.